ಪೂರ್ವಕರ್ಮ

ಪೂರ್ವಕರ್ಮ ಎಂದೊಡನೆ ನಮ್ಮಲ್ಲಿ ಯಾರಿಗಾದರೂ ಮೊದಲು ನೆನಪಾಗುವುದು ಹಿಂದಿನ ಜನ್ಮದ ಲೆಕ್ಕ. ಮೈ ಮಿತಿಮೀರಿ ಬೆಳೆದವರನ್ನು ಕಂಡು "ಪಾಪ, ಅವರು ಪಡೆದು ಬಂದದ್ದು" ಎಂದು ನಿಟ್ಟುಸಿರು ಬಿಡುವವರೂ ಇದ್ದಾರೆ. "ಬಾಯಿ ಕಟ್ಟಿದರೆ ಎಲ್ಲ ಸರಿಹೋಗುತ್ತದೆ" ಎಂದು ತೀರ್ಪು ಕೊಡುವವರು ಇನ್ನೂ ಹೆಚ್ಚು. ಆದರೆ ಶಸ್ತ್ರವೈದ್ಯದಲ್ಲಿ ಈ ಮಾತಿಗೆ ಬೇರೆಯೇ ಅರ್ಥವಿದೆ. ಸುಶ್ರುತ ಸಂಹಿತೆಯು ಶಸ್ತ್ರವೈದ್ಯನ ಕೆಲಸವನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ ಎಂದು ಮೂರು ಪಾಲು ಮಾಡುತ್ತದೆ. ಶಸ್ತ್ರ ಮೈಗೆ ತಾಗುವುದು ನಡುವಿನ ಪಾಲಿನಲ್ಲಿ ಮಾತ್ರ. ಅದಕ್ಕೆ ಮುಂಚೆ ಏನೇನು ಅಣಿಯಾಗಿರಬೇಕೆಂಬುದಕ್ಕೆ ಆ ಗ್ರಂಥ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಉಪಕರಣಗಳು, ಬಟ್ಟೆ, ಜೇನು, ತುಪ್ಪ, ತಣ್ಣೀರು, ಬಿಸಿನೀರು ಎಲ್ಲವೂ ಕೈಗೆಟುಕುವಂತಿರಬೇಕು. ಪಕ್ಕದಲ್ಲಿ ನಿಲ್ಲುವವರು ಸ್ನೇಹವುಳ್ಳವರೂ ಗಟ್ಟಿ ಮನಸ್ಸಿನವರೂ ಬಲಶಾಲಿಗಳೂ ಆಗಿರಬೇಕು. ರೋಗಿಗೆ ಹಗುರವಾದ ಊಟ ಕೊಡಬೇಕು. ಆದರೆ ಹೊಟ್ಟೆಯ ಕೆಲವು ರೋಗಗಳು, ಮೂಲವ್ಯಾಧಿ, ಮೂತ್ರಾಶಯದ ಕಲ್ಲು, ಬಾಯಿಯ ರೋಗ ಮುಂತಾದವುಗಳಲ್ಲಿ ಊಟವನ್ನೇ ಕೊಡಕೂಡದು, ಬರಿಹೊಟ್ಟೆಯಲ್ಲಿಯೇ ಚಿಕಿತ್ಸೆ ಆಗಬೇಕು.

ಸುಶ್ರುತನ ಗ್ರಂಥದಲ್ಲಿ ಬೊಜ್ಜಿಗೆ ಶಸ್ತ್ರಚಿಕಿತ್ಸೆ ಇತ್ತೆಂದು ನಾನು ಹೇಳುತ್ತಿಲ್ಲ. ಅದು ಹುಟ್ಟಿ ಇನ್ನೂ ಮುಕ್ಕಾಲು ಶತಮಾನವಾಗಿಲ್ಲವೆಂದರೂ ನಡೆದೀತು. ಆದರೆ ಆ ಚಿಕಿತ್ಸೆಯ ಚರಿತ್ರೆಯನ್ನು ನೋಡಿದರೆ, ವೈದ್ಯರು ಮೊದಲು ಪ್ರಧಾನಕರ್ಮವನ್ನು ಕಲಿತರು, ಪೂರ್ವಕರ್ಮವನ್ನು ಬಹಳ ತಡವಾಗಿ, ಅದೂ ರೋಗಿಗಳಿಗೆ ಪೆಟ್ಟು ಬಿದ್ದ ಮೇಲೆ ಕಲಿತರು ಎಂಬುದು ಕಂಡುಬರುತ್ತದೆ. ಇಂದು ನಮ್ಮ ಊರುಗಳಲ್ಲೂ ಈ ಚಿಕಿತ್ಸೆಯ ಮಾತು ಮನೆಮನೆಗೆ ಬಂದಿರುವುದರಿಂದ ಆ ಕಥೆಯನ್ನು ತಿಳಿದಿರುವುದು ಒಳ್ಳೆಯದು. ಮೊದಲೇ ಒಂದು ಮಾತು: ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಅಂದದ ಚಿಕಿತ್ಸೆ ಬೇರೆ, ಜಠರ ಮತ್ತು ಕರುಳುಗಳ ದಾರಿಯನ್ನೇ ಮಾರ್ಪಡಿಸುವ ಈ ಚಿಕಿತ್ಸೆ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿಯುವವರು ಬಹಳ ಮಂದಿ.

ಮೈ ದಪ್ಪವಾದವರ ಕಷ್ಟವನ್ನು ಹಿಂದಿನವರು ಅರಿಯದೆ ಇರಲಿಲ್ಲ. ಚರಕ ಸಂಹಿತೆಯು ಲೋಕದ ನಿಂದೆಗೆ ಗುರಿಯಾಗುವ ಎಂಟು ಬಗೆಯ ದೇಹಗಳನ್ನು ಹೇಳುವಾಗ ಅತಿ ಎತ್ತರದವರು, ಅತಿ ಕುಳ್ಳರು ಮೊದಲಾದವರೊಂದಿಗೆ ಅತಿ ಸ್ಥೂಲರನ್ನೂ ಅತಿ ಕೃಶರನ್ನೂ ಸೇರಿಸುತ್ತದೆ. ಈ ಇಬ್ಬರಲ್ಲಿ ಸ್ಥೂಲರಿಗೆ ಚಿಕಿತ್ಸೆ ಮಾಡುವುದೇ ಹೆಚ್ಚು ಕಷ್ಟವೆಂದೂ ಹೇಳುತ್ತದೆ. ಕಾರಣ ಸ್ವಾರಸ್ಯವಾಗಿದೆ. ಮೇದಸ್ಸು ದಾರಿಗಳನ್ನು ಕಟ್ಟಿದ್ದರಿಂದ ವಾಯು ಕೋಷ್ಠದಲ್ಲಿಯೇ ಸುತ್ತಿ ಜಠರಾಗ್ನಿಯನ್ನು ಉರಿಸುತ್ತದೆ. ತಿಂದದ್ದು ಬೇಗ ಜೀರ್ಣವಾಗಿ ಮತ್ತೆ ಹಸಿವು. ವಿವರಣೆ ಇಂದಿನದಲ್ಲ, ನಿಜ. ಆದರೂ ದಪ್ಪನೆಯವನ ಹಸಿವು ಸುಳ್ಳಲ್ಲ, ಅದು ದೇಹದ ಒಳಗಿನಿಂದಲೇ ಎದ್ದು ಬರತಕ್ಕದ್ದು ಎಂಬ ಗ್ರಹಿಕೆ ಅಲ್ಲಿದೆ. ಈ ಮಾತನ್ನು ಆಧುನಿಕ ವೈದ್ಯ ಒಪ್ಪಿಕೊಳ್ಳಲು ಬಹಳ ಕಾಲ ಬೇಕಾಯಿತು.

ಮಧ್ಯಯುಗದ ಸ್ಪೇನಿನಲ್ಲಿ ಸಾಂಚೊ ಎಂಬ ರಾಜನಿದ್ದ. ಚರಿತ್ರೆಯಲ್ಲಿ ಅವನ ಹೆಸರಿಗೆ 'ದಪ್ಪನೆಯ' ಎಂಬ ವಿಶೇಷಣ ಅಂಟಿಕೊಂಡೇ ಬಂದಿದೆ. ಲಿಯೊನ್ ರಾಜ್ಯದ ಸಾಮಂತರು 958ರಲ್ಲಿ ಅವನನ್ನು ಸಿಂಹಾಸನದಿಂದ ಇಳಿಸಿದರು. ಅವನ ದೇಹವೇ ಅದಕ್ಕೆ ಒಂದು ನೆಪವಾಯಿತು. ಅವನ ಅಜ್ಜಿ, ನವಾರ್ರೆಯ ರಾಣಿ ತೋದಾ, ಮೊಮ್ಮಗನನ್ನು ಕರೆದುಕೊಂಡು ಮುಸ್ಲಿಂ ಖಲೀಫನ ರಾಜಧಾನಿ ಕೊರ್ದೊಬಾಕ್ಕೆ ಹೋದಳು. ಅಲ್ಲಿ ಚಿಕಿತ್ಸೆ ಮಾಡಿದವನು ಖಲೀಫನ ಆಸ್ಥಾನದ ಯಹೂದಿ ವೈದ್ಯ ಹಸ್ದಾಯ್ ಇಬ್ನ್ ಶಪ್ರೂತ್. ರಾಜನ ತುಟಿಗಳನ್ನು ಹೊಲಿದು ದ್ರವ ಪದಾರ್ಥ ಮಾತ್ರ ಕುಡಿಸಿದರೆಂಬ ಕಥೆಯೂ ಪ್ರಚಾರದಲ್ಲಿದೆ. ಅದನ್ನು ಕಥೆಯೆಂದೇ ಇಟ್ಟುಕೊಳ್ಳೋಣ. ಸಾಂಚೊ ಮೈ ಇಳಿಸಿಕೊಂಡು ಖಲೀಫನ ಸೈನ್ಯದೊಡನೆ ಹಿಂದಿರುಗಿ ಪಟ್ಟವನ್ನು ಮರಳಿ ಪಡೆದದ್ದಂತೂ ನಿಜ. ಮುಂದೆ ಸಿಂಹಾಸನವಿತ್ತು, ಹಿಂದೆ ಬೆನ್ನು ಬಿಡದ ಅಜ್ಜಿಯಿದ್ದಳು.

ಸಿಂಹಾಸನವಿಲ್ಲದ ಸಾಮಾನ್ಯರ ಕಥೆಗೆ ಬಂದರೆ, ಲಂಡನ್ನಿನ ವಿಲಿಯಂ ಬ್ಯಾಂಟಿಂಗನನ್ನು ನೆನೆಯದೆ ಇರುವಂತಿಲ್ಲ. ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಅವನ ಕುಲವೃತ್ತಿ. 66ನೆಯ ವಯಸ್ಸಿನಲ್ಲಿ ಅವನು 5 ಅಡಿ 5 ಅಂಗುಲ ಎತ್ತರ, 202 ಪೌಂಡು ತೂಕ. ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಲಾರ. ಮೆಟ್ಟಿಲನ್ನು ಹಿಂದುಮುಂದಾಗಿ, ಮೆಲ್ಲಗೆ ಇಳಿಯುತ್ತಿದ್ದ. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ವೈದ್ಯನ ಬಳಿ ಹೋದ. ರಕ್ತಪರಿಚಲನೆಯನ್ನು ಕಂಡುಹಿಡಿದ ಹಾರ್ವೆ ಇವನಲ್ಲ. ಅವನು ಸತ್ತು ಇನ್ನೂರು ವರ್ಷವಾಗಿತ್ತು. ಈ ಹಾರ್ವೆ ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗೆಡ್ಡೆಗಳನ್ನು ನಿಲ್ಲಿಸಿದ. ಸುಮಾರು ಒಂದು ವರ್ಷದಲ್ಲಿ 46 ಪೌಂಡು ಇಳಿಯಿತು. ಬ್ಯಾಂಟಿಂಗ್ 1863ರಲ್ಲಿ ತನ್ನ ಅನುಭವವನ್ನು ಒಂದು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿಸಿ ಮೊದಲು ಪುಕ್ಕಟೆಯಾಗಿ ಹಂಚಿದ. ಅದು ಎಷ್ಟು ಪ್ರಸಿದ್ಧವಾಯಿತೆಂದರೆ ಸ್ವೀಡನ್ನಿನ ಭಾಷೆಯಲ್ಲಿ ಪಥ್ಯ ಮಾಡಿ ತೂಕ ಇಳಿಸುವುದಕ್ಕೆ ಇಂದಿಗೂ 'ಬಾಂಟಾ' ಎಂದೇ ಹೇಳುತ್ತಾರೆ.

ಆ ಸ್ವೀಡನ್ನಿನಲ್ಲಿಯೇ, ಪಥ್ಯವನ್ನು ಪೂರೈಸಲಾಗದೆ ಹೋದ 32 ವರ್ಷದ ಒಬ್ಬ ಮಹಿಳೆಗೆ ಗೋಥೆನ್‌ಬರ್ಗ್ ನಗರದ ವಿಕ್ಟರ್ ಹೆನ್ರಿಕ್ಸನ್ ಎಂಬ ವೈದ್ಯ 1952ರಲ್ಲಿ ಸಣ್ಣಕರುಳಿನ 105 ಸೆಂಟಿಮೀಟರನ್ನು ಕತ್ತರಿಸಿ ತೆಗೆದ. ಬೊಜ್ಜಿಗೆಂದೇ ಕರುಳಿಗೆ ಕೈಹಚ್ಚಿದ ಮೊದಲ ದಾಖಲೆಗಳಲ್ಲಿ ಇದೂ ಒಂದು. ಅದೇ ಸುಮಾರಿಗೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ರಿಚರ್ಡ್ ವಾರ್ಕೊ, ಆರ್ನಲ್ಡ್ ಕ್ರೆಮೆನ್ ಮೊದಲಾದವರು ಕರುಳನ್ನು ತೆಗೆಯದೆ, ಮೇಲಿನ ತುದಿಯನ್ನು ಕೆಳಗಿನ ತುದಿಗೆ ಜೋಡಿಸಿ ನಡುವಿನ ಭಾಗಕ್ಕೆ ಆಹಾರವೇ ಹೋಗದಂತೆ ಮಾಡಿದರು. ಲೆಕ್ಕ ಸರಳ: ಕರುಳು ಹೀರುವುದು ಕಡಿಮೆಯಾದರೆ ದೇಹ ಇಳಿಯಲೇಬೇಕು. 1969ರ ಹೊತ್ತಿಗೆ ಇದರ ಪ್ರಸಿದ್ಧ ರೂಪದಲ್ಲಿ ಮೇಲಿನ 14 ಅಂಗುಲ, ಕೆಳಗಿನ 4 ಅಂಗುಲ ಮಾತ್ರ ಕೆಲಸಕ್ಕೆ ಉಳಿಯುತ್ತಿತ್ತು. ಸುಮಾರು 20 ಅಡಿಯ ಕರುಳಿನಲ್ಲಿ ಒಂದೂವರೆ ಅಡಿ!

ತೂಕವೇನೋ ಇಳಿಯಿತು. ಅದರ ಜೊತೆಗೆ ನಿಲ್ಲದ ಭೇದಿ, ಮೂತ್ರಪಿಂಡದಲ್ಲಿ ಕಲ್ಲು, ಕೀಲುನೋವು, ಕೆಲವರಿಗೆ ಯಕೃತ್ತೇ ಕೆಟ್ಟು ಪ್ರಾಣಾಪಾಯ. ಸಾವಿರಾರು ಜನರಿಗೆ ಮಾಡಿದ ಮೇಲೆ ಆ ಕ್ರಮವನ್ನು ಕೈಬಿಡಬೇಕಾಯಿತು. ಎಷ್ಟೋ ಮಂದಿಗೆ ಮತ್ತೊಮ್ಮೆ ಹೊಟ್ಟೆ ಕೊಯ್ದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು. ಚಿಕಿತ್ಸೆಯ ಕ್ರಮದಲ್ಲಿಯೇ ದೋಷವಿತ್ತು, ಸಂದೇಹವಿಲ್ಲ. ಆದರೆ ಇನ್ನೊಂದು ಕೊರತೆಯೂ ಇತ್ತು. ಕೊಳಾಯಿ ಕೆಲಸದವನು ನೀರಿನ ಕೊಳವೆಯನ್ನು ಬದಲಾಯಿಸುವಂತೆ ಕರುಳನ್ನು ಬದಲಾಯಿಸಿದ್ದರು; ಆ ಕೊಳವೆಯ ಸುತ್ತ ಒಂದು ಮನಸ್ಸಿದೆ, ಒಂದು ಅಡುಗೆಮನೆಯಿದೆ ಎಂಬುದು ಲೆಕ್ಕಕ್ಕೆ ಬಂದಿರಲಿಲ್ಲ.

ಹಸಿವು ಮನಸ್ಸನ್ನು ಏನು ಮಾಡುತ್ತದೆಂಬುದು ಅದೇ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಮೊದಲೇ ತಿಳಿದಿತ್ತೆಂಬುದು ವಿಚಿತ್ರ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯಿಂದಲೇ, 24 ವಾರಗಳ ಕಾಲ ಅರೆಹೊಟ್ಟೆಯಲ್ಲಿ ಇಟ್ಟಿದ್ದ. ಇವರು ಯುದ್ಧಕ್ಕೆ ಹೋಗಲು ನಿರಾಕರಿಸಿದ ಶಾಂತಿವಾದಿಗಳು, ಒಳ್ಳೆಯ ಮನೋನಿಗ್ರಹ ಉಳ್ಳವರು. ಕೆಲವೇ ವಾರಗಳಲ್ಲಿ ಅವರಿಗೆ ಊಟದ ವಿನಾ ಬೇರೆ ಯೋಚನೆಯಿಲ್ಲದಂತಾಯಿತು. ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದಿದರು. ಸಿಡುಕು, ಖಿನ್ನತೆ, ಒಂಟಿತನ ಬೆಳೆದವು. ಊಟ ಬಿಟ್ಟ ಮೇಲೆ ಎಷ್ಟು ತಿಂದರೂ ತೃಪ್ತಿ ಇಲ್ಲ. ಇಂಥ ಗಟ್ಟಿಗರಿಗೇ ಹೀಗಾದರೆ, ಇಪ್ಪತ್ತು ವರ್ಷ ಪಥ್ಯ ಮಾಡಿ ಸೋತ ಗೃಹಿಣಿಯನ್ನು ನಾಲಗೆ ಚಪಲದವಳೆಂದು ಹಂಗಿಸುವುದು ಯಾವ ನ್ಯಾಯ?

ಚಿಕಿತ್ಸೆ ಸರಿದಾರಿಗೆ ಬಂದದ್ದು ಅಮೆರಿಕದ ಐಯೊವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ನರಿಂದ. ಜಠರದ ಹುಣ್ಣಿಗಾಗಿ ಜಠರದ ಬಹುಭಾಗವನ್ನು ತೆಗೆಸಿಕೊಂಡ ಹೆಂಗಸರು ಮತ್ತೆ ಮೈ ತುಂಬಿಕೊಳ್ಳುವುದಿಲ್ಲ ಎಂಬುದನ್ನು ಅವರು ಗಮನಿಸಿದರು. 1966ರಲ್ಲಿ ಚಿಕಾಶಿ ಇಟೊ ಅವರೊಡನೆ ಸೇರಿ, ಜಠರದ ಮೇಲ್ಭಾಗವನ್ನು ಸಣ್ಣ ಚೀಲವಾಗಿ ಬೇರ್ಪಡಿಸಿ ಅದಕ್ಕೆ ಸಣ್ಣಕರುಳನ್ನು ಜೋಡಿಸುವ 'ಗ್ಯಾಸ್ಟ್ರಿಕ್ ಬೈಪಾಸ್' ಕ್ರಮವನ್ನು ಪ್ರಾರಂಭಿಸಿದರು. ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಲೆಕ್ಕ ಇಡಬೇಕೆಂದು 1986ರಲ್ಲಿ ಒಂದು ರಾಷ್ಟ್ರೀಯ ದಾಖಲೆ ಪುಸ್ತಕವನ್ನೇ ತೆರೆಸಿದವರೂ ಇವರೇ. ನೂರು ವರ್ಷ ತುಂಬಿಸಿಕೊಂಡು 2020ರ ಡಿಸೆಂಬರಿನಲ್ಲಿ ತೀರಿಕೊಂಡರು.

ಪೂರ್ವಕರ್ಮಕ್ಕೆ ಅಧಿಕೃತ ಸ್ಥಾನ ದೊರೆತದ್ದು 1991ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಆ ವರ್ಷ ಮಾರ್ಚಿಯಲ್ಲಿ ತಜ್ಞರ ಸಭೆ ಕರೆದು ಯಾರಿಗೆ ಈ ಚಿಕಿತ್ಸೆ ಎಂಬುದನ್ನು ನಿರ್ಣಯಿಸಿದುವು. ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿ.ಎಂ.ಐ. ಎಂಬ ಸೂಚ್ಯಂಕವನ್ನು ನೀವು ಕೇಳಿದ್ದೀರಷ್ಟೆ. ಅದು 40 ದಾಟಿರಬೇಕು, ಅಥವಾ ಸಕ್ಕರೆ ಕಾಯಿಲೆಯಂಥ ರೋಗವಿದ್ದರೆ 35 ದಾಟಿರಬೇಕು ಎಂದಿತು ಆ ಸಭೆ. ನಮ್ಮ ಬ್ಯಾಂಟಿಂಗನ ಸೂಚ್ಯಂಕ 34ಕ್ಕೂ ಕೆಳಗೆ. ಅವನನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಶಸ್ತ್ರವೈದ್ಯನೊಬ್ಬನೇ ನಿರ್ಧರಿಸಕೂಡದು, ಸಾಮಾನ್ಯ ವೈದ್ಯ, ಮನೋವೈದ್ಯ, ಆಹಾರತಜ್ಞ ಎಲ್ಲರೂ ಸೇರಿ ನೋಡಬೇಕು, ರೋಗಿಗೆ ವಿಷಯವೆಲ್ಲ ಚೆನ್ನಾಗಿ ತಿಳಿದಿರಬೇಕು ಎಂದು ಸಭೆ ಹೇಳಿತು.

ಒಳ್ಳೆಯ ಮಾತೇ. ಆದರೆ ಒಳ್ಳೆಯ ಮಾತೂ ಗುಮಾಸ್ತರ ಕೈಗೆ ಸಿಕ್ಕಿದರೆ ಏನಾಗುತ್ತದೆಂಬುದು ನಿಮಗೆ ಗೊತ್ತು. ಅಮೆರಿಕದಲ್ಲಿ ಖರ್ಚು ಕೊಡತಕ್ಕ ವಿಮಾ ಕಂಪನಿಗಳು, ಚಿಕಿತ್ಸೆಗೆ ಮುಂಚೆ ಇಷ್ಟು ತಿಂಗಳು ಪಥ್ಯ ಮಾಡಿ ತೂಕ ಇಳಿಸಿ ತೋರಿಸಿ, ಆಮೇಲೆ ನೋಡೋಣ ಎಂದು ಷರತ್ತು ಹಾಕತೊಡಗಿದುವು. ಪಥ್ಯದಲ್ಲಿ ಸೋತದ್ದರಿಂದಲೇ ಬಂದವನಿಗೆ ಪಥ್ಯದಲ್ಲಿ ಗೆದ್ದು ಬಾ ಎನ್ನುವುದು ಎಂಥ ತರ್ಕವೋ! ಅಲ್ಲಿಯ ಶಸ್ತ್ರವೈದ್ಯರ ಸಂಘವೇ 2016ರಲ್ಲಿ, ಇಂಥ ಕಡ್ಡಾಯಕ್ಕೆ ವಿಜ್ಞಾನದ ಆಧಾರವಿಲ್ಲವೆಂದು ಬಹಿರಂಗವಾಗಿ ಹೇಳಬೇಕಾಯಿತು. ಸಿದ್ಧತೆ ಬೇರೆ, ಯೋಗ್ಯತಾ ಪರೀಕ್ಷೆ ಬೇರೆ.

ಈ ಭೇದವನ್ನು ತಿಳಿಯದ ಕಾರಣ ಎಷ್ಟೋ ಮಂದಿ ಮನೋವೈದ್ಯರ ಮುಂದೆ ಕೂತಾಗ ಶಾಲೆಯ ಇನ್‌ಸ್ಪೆಕ್ಟರ ಮುಂದೆ ಕೂತಂತೆ ಹೆದರಿ, ಒಪ್ಪಿತವಾದ ಉತ್ತರಗಳನ್ನೇ ಒಪ್ಪಿಸಿ ಬರುತ್ತಾರೆ. ಇದರಿಂದ ನಷ್ಟ ಅವರಿಗೇ. ಆಲ್ಬರ್ಟ್ ಸ್ಟಂಕರ್ಡ್ ಎಂಬ ಮನೋವೈದ್ಯ 1959ರಷ್ಟು ಹಿಂದೆಯೇ, ಕೆಲವರು ತಡೆಯಲಾಗದಂತೆ ಒಮ್ಮೆಲೇ ಬಹಳ ತಿಂದು ಆಮೇಲೆ ಪಶ್ಚಾತ್ತಾಪ ಪಡುವುದನ್ನು ಒಂದು ಬೇನೆಯೆಂದೇ ವರ್ಣಿಸಿದ್ದರು. ಅದನ್ನು ಮುಚ್ಚಿಟ್ಟು ಚಿಕಿತ್ಸೆ ಮಾಡಿಸಿಕೊಂಡರೆ ಜಠರ ಸಣ್ಣದಾದೀತು, ಬೇನೆ ಹಾಗೆಯೇ ಉಳಿದೀತು. ದುಃಖಕ್ಕೆ, ಬೇಸರಕ್ಕೆ, ರಾತ್ರಿಯ ಒಂಟಿತನಕ್ಕೆ ತಿಂಡಿಯೇ ಔಷಧವಾಗಿದ್ದವರಿಂದ ಆ ಔಷಧವನ್ನು ಒಂದೇ ದಿನದಲ್ಲಿ ಕಿತ್ತುಕೊಂಡರೆ ಅದರ ಜಾಗಕ್ಕೆ ಏನು ಬರಬೇಕು? ಕೆಲವರಲ್ಲಿ ಮದ್ಯ ಬರುತ್ತದೆ. ಬೈಪಾಸ್ ಆದವರಲ್ಲಿ ಮದ್ಯ ಬೇಗ ರಕ್ತಕ್ಕೆ ಏರುತ್ತದೆ. ಅಮೆರಿಕದಲ್ಲಿ ಸುಮಾರು 1,945 ಜನರನ್ನು ನೋಡಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮದ್ಯದ ತೊಂದರೆ ಚಿಕಿತ್ಸೆಗೆ ಮುಂಚೆ 100ಕ್ಕೆ 7.6, ಎರಡನೆಯ ವರ್ಷದಲ್ಲಿ 9.6.

ಇನ್ನೊಂದು ಅಧ್ಯಯನ ಯೂಟಾ ಪ್ರಾಂತದ್ದು, 2007ರದು. ಚಿಕಿತ್ಸೆ ಆದವರಲ್ಲಿ ಒಟ್ಟು ಮರಣ ಶೇಕಡ 40ರಷ್ಟು ಕಡಿಮೆ. ಸಂತೋಷದ ವಾರ್ತೆ. ಆದರೆ ಅಪಘಾತ, ಆತ್ಮಹತ್ಯೆ ಮುಂತಾದ, ರೋಗದಿಂದಲ್ಲದ ಮರಣಗಳು ಶೇಕಡ 58ರಷ್ಟು ಹೆಚ್ಚು. ಇದರಿಂದ ಚಿಕಿತ್ಸೆಗೆ ಹೆದರಬೇಕೆಂದು ಅರ್ಥವಲ್ಲ. ಸ್ವೀಡನ್ನಿನಲ್ಲಿ 1987ರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಿಂಬಾಲಿಸಿದ ಅಧ್ಯಯನವೂ ಆಯುಸ್ಸು ಹೆಚ್ಚುವುದನ್ನೇ ತೋರಿಸಿದೆ. ಆದರೆ ಮೈ ಇಳಿದೊಡನೆ ಬದುಕಿನ ಕಷ್ಟವೆಲ್ಲ ಇಳಿಯುತ್ತದೆಂದು ನಂಬಿ ಹೋದವರು, ಇಳಿಯದೆ ಉಳಿದ ಕಷ್ಟವನ್ನು ಎದುರಿಸುವಾಗ ಹೊಸದಾಗಿ ಕುಸಿಯುತ್ತಾರೆ. ಖಿನ್ನತೆಯಿದ್ದರೆ ಮೊದಲೇ ಹೇಳುವುದು, ಔಷಧಿ ತೆಗೆದುಕೊಳ್ಳುತ್ತಿದ್ದರೆ ತಿಳಿಸುವುದು ನಾಚಿಕೆಯ ವಿಷಯವಲ್ಲ. ಅದಕ್ಕೆ ಚಿಕಿತ್ಸೆ ಮಾಡಿ, ನಂತರ ಶಸ್ತ್ರಚಿಕಿತ್ಸೆಗೆ ಕಳಿಸುತ್ತಾರೆ, ಅಷ್ಟೆ.

ಇನ್ನು ದೇಹದ ಸಿದ್ಧತೆ. ಇದರಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಯಕೃತ್ತಿನ ಸಂಗತಿ; ನಾವು ಲಿವರ್ ಎನ್ನುತ್ತೇವಲ್ಲ, ಅದು. ಅದರ ಎಡಭಾಗ ಜಠರದ ಮೇಲೆ ಹೊದಿಕೆಯಂತೆ ಕೂತಿರುತ್ತದೆ. ಬೊಜ್ಜಿನವರಲ್ಲಿ ಅದು ಕೊಬ್ಬು ತುಂಬಿ ಉಬ್ಬಿರುವುದರಿಂದ ಸಣ್ಣ ರಂಧ್ರಗಳ ಮೂಲಕ ಕೆಲಸ ಮಾಡುವ ವೈದ್ಯನಿಗೆ ಜಠರವೇ ಸರಿಯಾಗಿ ಕಾಣದು. ಚಿಕಿತ್ಸೆಗೆ ಮುಂಚೆ ಬಹಳ ಮಿತವಾದ ಆಹಾರದ ಮೇಲೆ ಇಟ್ಟರೆ ಅದು ಕುಗ್ಗುತ್ತದೆ. ಆಸ್ಟ್ರೇಲಿಯದ ವೈದ್ಯರು 2006ರಲ್ಲಿ 32 ಮಂದಿಯನ್ನು 12 ವಾರ ಹೀಗೆ ಇಟ್ಟು ಚಿತ್ರ ತೆಗೆದು ಅಳೆದರು. ಕುಗ್ಗಿದ್ದರಲ್ಲಿ ಶೇಕಡ 80 ಭಾಗ ಮೊದಲ ಎರಡೇ ವಾರದಲ್ಲಿ ಆಗಿತ್ತು! ಬಹುಕಡೆ ಈ ಪಥ್ಯ ಎರಡು ವಾರ ಸಾಕೆನ್ನುವುದು ಇದಕ್ಕೇ. ಇದು ಶಿಕ್ಷೆಯಲ್ಲ, ವೈದ್ಯನ ಕೈಗೆ ಜಾಗ ಮಾಡಿಕೊಡುವುದು. ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಈ ಪಥ್ಯವನ್ನು ತಾವಾಗಿ ಹಿಡಿಯಬಾರದು. ಊಟ ಕಡಿಮೆಯಾದಾಗ ಔಷಧದ ಅಳತೆಯೂ ಕಡಿಮೆಯಾಗಬೇಕು, ಇಲ್ಲವಾದರೆ ಸಕ್ಕರೆ ಕುಸಿಯುತ್ತದೆ.

ಡಿಕನ್ಸನ ಪಿಕ್ವಿಕ್ ಕಥೆಯಲ್ಲಿ ಜೋ ಎಂಬ ದಪ್ಪ ಹುಡುಗ ಬರುತ್ತಾನೆ, ನಿಂತಲ್ಲೇ ನಿದ್ದೆ ಹೋಗುವವನು. ಬೊಜ್ಜಿನವರ ಉಸಿರಾಟದ ಒಂದು ಕಾಯಿಲೆಗೆ 1956ರಲ್ಲಿ ವೈದ್ಯರು ಆ ಪುಸ್ತಕದ ಹೆಸರನ್ನೇ ಇಟ್ಟರು. ನಿಮ್ಮ ಮನೆಯ ಯಜಮಾನರ ಗೊರಕೆ ನಡುನಡುವೆ ನಿಂತು, ಉಸಿರು ಕಟ್ಟಿ, ಮತ್ತೆ ದಡಕ್ಕನೆ ಶುರುವಾಗುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಬೇಕಾದವರು ನೀವು. ಮಲಗಿದವರಿಗೆ ಅದು ತಿಳಿಯದು. ಅರಿವಳಿಕೆ ಕೊಡುವವರಿಗೆ ಇದು ಮುಖ್ಯ ವಿಷಯ. ಬೀಡಿ ಸಿಗರೇಟು ಸಾಕಷ್ಟು ಮುಂಚೆಯೇ ನಿಲ್ಲಬೇಕು. ಬೈಪಾಸ್ ಆದ ಮೇಲೂ ಸೇದುತ್ತಿದ್ದರೆ ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ದಿನವೂ ನಡೆಯುವ ಅಭ್ಯಾಸ ಇರಲಿ, ಏಕೆಂದರೆ ಚಿಕಿತ್ಸೆ ಆದ ದಿನವೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಎಬ್ಬಿಸಿ ನಡೆಸುತ್ತಾರೆ.

ಸಿದ್ಧತೆಗಾಗಿ ಮಾಡಿದ ಕೆಲಸವೇ ಮುಖ್ಯ ಚಿಕಿತ್ಸೆಯಾಗಿ ಹೋದ ಒಂದು ಪ್ರಸಂಗವೂ ಇದೆ. 2000ದ ಸುಮಾರಿನಲ್ಲಿ ನ್ಯೂಯಾರ್ಕಿನ ಮಿಷೆಲ್ ಗಾನ್ಯೆ ಮತ್ತು ಸಂಗಡಿಗರು, ದೊಡ್ಡ ಚಿಕಿತ್ಸೆಯನ್ನು ಒಂದೇ ಸಲಕ್ಕೆ ತಡೆಯಲಾರದ ಅತಿ ಭಾರದ ರೋಗಿಗಳಿಗೆ ಮೊದಲ ಹಂತವಾಗಿ ಜಠರದ ಮುಕ್ಕಾಲು ಪಾಲನ್ನು ತೆಗೆದು ಉಳಿದದ್ದನ್ನು ಅಂಗಿಯ ತೋಳಿನಂತೆ ಕಿರಿದು ಮಾಡಿದರು. ಸ್ವಲ್ಪ ಇಳಿದ ಮೇಲೆ ಎರಡನೆಯ ಹಂತ ಎಂದು ಏರ್ಪಾಡು. ಕೆಲವರಿಗೆ ಎರಡನೆಯ ಹಂತ ಬೇಕೇ ಆಗಲಿಲ್ಲ! ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ರಸವನ್ನು 1999ರಲ್ಲಿ ಜಪಾನಿನವರು ಕಂಡುಹಿಡಿದಿದ್ದರು. ಅದು ಹೆಚ್ಚಾಗಿ ಹುಟ್ಟುವ ಭಾಗವೇ ಇಲ್ಲಿ ಹೊರಗೆ ಹೋಗುತ್ತದೆ. 'ಸ್ಲೀವ್' ಎಂಬ ಈ ಚಿಕಿತ್ಸೆಯೇ ಈಗ ಲೋಕದಲ್ಲಿ ಅತಿ ಹೆಚ್ಚಾಗಿ ನಡೆಯತಕ್ಕದ್ದು.

1991ರ ಅಳತೆಗಳು 2022ರಲ್ಲಿ ಸಡಿಲಾದುವು. ಏಷ್ಯದವರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ, ಹೃದ್ರೋಗಗಳು ಬರುವುದರಿಂದ ನಮಗೆ ಸೂಚ್ಯಂಕ 27.5 ಆದರೂ ಚಿಕಿತ್ಸೆಯ ವಿಚಾರ ಮಾಡಬಹುದೆಂದು ಅಂತರರಾಷ್ಟ್ರೀಯ ಸಂಘಗಳು ಹೇಳಿವೆ. ಹಸಿವನ್ನು ಕುಗ್ಗಿಸುವ ಹೊಸ ಚುಚ್ಚುಮದ್ದುಗಳೂ ಬಂದಿವೆ. ಅವು ಜಠರ ಬರಿದಾಗುವುದನ್ನು ನಿಧಾನಗೊಳಿಸುತ್ತವೆ. ರಾತ್ರಿಯೆಲ್ಲ ಉಪವಾಸವಿದ್ದರೂ ಅನ್ನ ಉಳಿದಿದ್ದು, ಅರಿವಳಿಕೆಯಲ್ಲಿ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ವಾರಕ್ಕೊಮ್ಮೆಯ ಚುಚ್ಚುಮದ್ದನ್ನು ಒಂದು ವಾರ ಮುಂಚೆ ನಿಲ್ಲಿಸಿರೆಂದು ಅಮೆರಿಕದ ಅರಿವಳಿಕೆ ತಜ್ಞರು 2023ರಲ್ಲಿ ಸೂಚಿಸಿದರು. 2024ರಲ್ಲಿ, ಬಹುಮಂದಿ ನಿಲ್ಲಿಸಬೇಕಾಗಿಲ್ಲ, ಅಪಾಯ ಹೆಚ್ಚಿದ್ದವರು ಹಿಂದಿನ 24 ಗಂಟೆ ದ್ರವಾಹಾರದಲ್ಲಿದ್ದರೆ ಸಾಕು ಎಂದು ತಿದ್ದಿದರು. ಬರಿಹೊಟ್ಟೆಯ ಚರ್ಚೆ ಸುಶ್ರುತನ ಕಾಲಕ್ಕೇ ಮುಗಿದಿಲ್ಲ. ಅಂಥ ಚುಚ್ಚುಮದ್ದು ತೆಗೆದುಕೊಳ್ಳುತ್ತಿರುವುದನ್ನು ಮಾತ್ರ ವೈದ್ಯರಿಂದ ಮುಚ್ಚಿಡಬೇಡಿ.

ಕೊನೆಗೆ ಅಡುಗೆಮನೆ. ಚಿಕಿತ್ಸೆಯ ನಂತರ ಮೊದಲು ತಿಳಿನೀರಿನಂಥದು, ಆಮೇಲೆ ಗಂಜಿಯಂತೆ ನುಣ್ಣಗಿರುವುದು, ಆಮೇಲೆ ಮೆತ್ತಗಿನದು, ಹೀಗೆ ಮಾಮೂಲು ಊಟಕ್ಕೆ ಬರಲು ತಿಂಗಳೊಂದೆರಡು ಬೇಕು. ಊಟದ ಜೊತೆಗೆ ನೀರಿಲ್ಲ. ತುತ್ತನ್ನು ನುಣ್ಣಗೆ ಅಗಿಯಬೇಕು. ಅನ್ನವೇ ಪ್ರಧಾನವಾದ ನಮ್ಮ ಎಲೆಯಲ್ಲಿ ಬೇಳೆ, ಮೊಸರು, ಕಾಳು, ತಿನ್ನುವವರಾದರೆ ಮೊಟ್ಟೆ ಮೊದಲು ಬರಬೇಕು. ಸಸಾರಜನಕ ಸಾಲದಿದ್ದರೆ ಮಾಂಸಖಂಡವೇ ಕರಗುತ್ತದೆ. ಜೀವಸತ್ವದ ಮಾತ್ರೆಗಳು ಆಯುಷ್ಯವಿಡೀ. ಇವನ್ನೆಲ್ಲ ಆಸ್ಪತ್ರೆಯಿಂದ ಬಂದ ಮೇಲೆ ಕಲಿಯುತ್ತೇನೆಂದರೆ ಆಗದು. ಅಗಿದು ತಿನ್ನುವುದನ್ನೂ ನೀರನ್ನು ಬೇರೆ ಹೊತ್ತಿಗೆ ಕುಡಿಯುವುದನ್ನೂ ತಿಂಗಳು ಮುಂಚೆಯೇ ರೂಢಿ ಮಾಡಿಕೊಳ್ಳಬೇಕು. ಮಕ್ಕಳು ಬೇಕೆನ್ನುವ ಹೆಂಗಸರು ಒಂದು, ಒಂದೂವರೆ ವರ್ಷ ತಡೆಯಬೇಕು, ಮತ್ತು ತೂಕ ಇಳಿದಂತೆ ಗರ್ಭ ನಿಲ್ಲುವ ಸಂಭವ ಹೆಚ್ಚುತ್ತದೆಂಬುದೂ ತಿಳಿದಿರಬೇಕು. ಮನೆಯವರಿಗೂ ಒಂದು ಪಾಠವುಂಟು. ಬೈಪಾಸ್ ಆದವರಿಗೆ ಸಿಹಿ ಹೆಚ್ಚಾದರೆ ಬೆವರಿ, ಎದೆ ಹೊಡೆದುಕೊಂಡು, ತಲೆ ಸುತ್ತಬಹುದು. "ಹಬ್ಬದ ದಿನ, ಒಂದೇ ಒಂದು ಹೋಳಿಗೆ" ಎಂದು ಬಲವಂತ ಮಾಡುವ ಅತ್ತಿಗೆಯನ್ನೂ ವೈದ್ಯರ ಬಳಿಗೆ ಒಮ್ಮೆ ಕರೆದುಕೊಂಡು ಹೋಗುವುದು ಲೇಸು.

ಅಲ್ಲಿಗೆ ಹೋದಾಗ ಖರ್ಚೆಷ್ಟು, ಎಷ್ಟು ದಿನ ಆಸ್ಪತ್ರೆಯಲ್ಲಿ, ಎಷ್ಟು ಕಿಲೋ ಇಳಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಮೇಸನ್ನರು ದಾಖಲೆ ಪುಸ್ತಕ ತೆರೆದದ್ದು ಬೇರೊಂದು ಪ್ರಶ್ನೆಗಾಗಿ. ಅದನ್ನೂ ಕೇಳಿ: ಚಿಕಿತ್ಸೆ ಆದ ಮೇಲೆ ಎಷ್ಟು ವರ್ಷ ನನ್ನನ್ನು ನೋಡುತ್ತೀರಿ, ಯಾರು ನೋಡುತ್ತಾರೆ, ಐದನೆಯ ವರ್ಷದಲ್ಲಿ ತೂಕ ಮತ್ತೆ ಏರಿದರೆ ಯಾವ ಬಾಗಿಲು ತಟ್ಟಲಿ? ಇದಕ್ಕೆ ಉತ್ತರ ಸಿಕ್ಕಿದ ಮೇಲೆ ದಿನ ಗೊತ್ತುಮಾಡಿಕೊಳ್ಳಿ.